ಮಾವನ ಸೇತುವೆ, ಸಮಯಕ್ಕೆ ಬಂದ ರೈಲು

ಮಂಗಳೂರಿಗೆ ಬಂದ ನೆಂಟರನ್ನು ಬೇರೆ ಮನೆಯವರು ದೇವಸ್ಥಾನಕ್ಕೆ ಕರೆದುಕೊಂಡು ಹೋಗುತ್ತಿದ್ದರು, ಸಮುದ್ರ ತೋರಿಸುತ್ತಿದ್ದರು, ಮನಸ್ಸು ದೊಡ್ಡದಿದ್ದರೆ ಒಂದು ಐಸ್‌ಕ್ರೀಮು ತಿನ್ನಿಸಿ ಬಸ್ಸು ಹತ್ತಿಸುತ್ತಿದ್ದರು. ಮಣ್ಣಗುಡ್ಡದ ನಮ್ಮ ಮನೆಗೆ ಬಂದವರಿಗೆ ಆ ಭಾಗ್ಯ ಇರಲಿಲ್ಲ. ಅವರನ್ನು ನಮ್ಮ ಮಾವ ನೇತ್ರಾವತಿಯ ರೈಲು ಸೇತುವೆ ನೋಡಲಿಕ್ಕೆ ಹೊರಡಿಸುತ್ತಿದ್ದರು. ನೋಡುವುದೆಂದರೆ ದಡದಲ್ಲಿ ನಿಂತು ನೋಡುವುದಲ್ಲ. ಜೆಪ್ಪುವಿನ ಕಡೆಯಿಂದ ಹಳಿಯ ಮೇಲೆ ಹತ್ತಿಸಿ, ಹಳಿಯಡಿಯ ಮರದ ಸ್ಲೀಪರಿನಿಂದ ಸ್ಲೀಪರಿಗೆ ಕಾಲಿಡಿಸಿ, ನದಿಯ ನಡುಮಧ್ಯಕ್ಕೆ ಕೊಂಡುಹೋಗಿ, ಒಂದು ಕಬ್ಬಿಣದ ತೊಲೆಯ ಮೇಲೆ ಅವರ ಅಂಗೈ ಇಡಿಸಿ, "ಇದು ಇಂಗ್ಲೆಂಡಿನ ಕಬ್ಬಿಣ. ತಣ್ಣಗುಂಟಲ್ಲ?" ಎಂದು ಕೇಳುವುದು.

ನಮ್ಮ ಬೇಸಗೆಯ ಬಿಸಿಲಿಗೆ ಆ ತೊಲೆಯ ಮೇಲೆ ದೋಸೆ ಹೊಯ್ಯಬಹುದಿತ್ತು. ಆದರೂ ಅಂಗೈ ಸುಟ್ಟುಕೊಂಡ ನೆಂಟರೆಲ್ಲ "ಹೌದು, ತಣ್ಣಗುಂಟು" ಎಂದೇ ಹೇಳುತ್ತಿದ್ದರು. ಮನೆಗೆ ಹೋದ ಮೇಲೆ ಕೋಳಿ ಸುಕ್ಕ ಬಡಿಸುವವರೂ ಮಾವನೇ ಅಲ್ಲವೇ?

ಮಾವ ಎಂದರೆ ಅಮ್ಮನ ಅಣ್ಣ. ನಮ್ಮ ಕ್ರಮದಲ್ಲಿ ಮನೆ ಹೆಣ್ಣಿನ ಕಡೆಯದ್ದು, ಯಜಮಾನಿಕೆ ಸೋದರಮಾವನದ್ದು. ಅಪ್ಪನೂ ಇದ್ದರು. ಎಲ್ಲ ತೀರ್ಮಾನ ಆದ ಮೇಲೆ ಅವರಿಗೆ ತಿಳಿಸುವ ಮರ್ಯಾದೆಯನ್ನು ನಾವು ಎಂದೂ ತಪ್ಪಿಸಿದವರಲ್ಲ. ಭೂಮಿಯ ಕಾನೂನು ಬಂದು ಗದ್ದೆಗಳೆಲ್ಲ ಉಳುವವರ ಪಾಲಾದ ಮೇಲೆ ಮಾವನ ಕೈಯಲ್ಲಿ ಉಳಿದದ್ದು ಒಂದು ಹೋಟೆಲು, ಒಂದು ಹಳೆಯ ಅಂಬಾಸಿಡರ್ ಕಾರು ಮತ್ತು ಈ ಸೇತುವೆ. ಹೋಟೆಲು ನಡೆಯುತ್ತಿತ್ತು. ಕಾರು ಮನಸ್ಸಾದಾಗ ನಡೆಯುತ್ತಿತ್ತು. ಸೇತುವೆಯನ್ನು ಮಾತ್ರ ಯಾವ ಸರಕಾರಕ್ಕೂ ಅವರಿಂದ ಕಿತ್ತುಕೊಳ್ಳಲಿಕ್ಕೆ ಆಗಲಿಲ್ಲ, ಯಾಕೆಂದರೆ ಅದು ಮೊದಲಿನಿಂದಲೂ ಸರಕಾರದ್ದೇ ಆಗಿತ್ತು.

ಅದು ಮಾವನದ್ದಾದದ್ದು ಒಂದು ಎಳನೀರಿನಿಂದ. ಬ್ರಿಟಿಷರ ಕಾಲದಲ್ಲಿ ಸೇತುವೆ ಕಟ್ಟಲಿಕ್ಕೆ ಬಂದ ಬಿಳಿಯ ದೊರೆ ಬಿಸಿಲಿಗೆ ತಲೆ ತಿರುಗಿ, ನದಿಯ ಬದಿಯಲ್ಲಿದ್ದ ನಮ್ಮ ಹಿರಿಯರ ಮನೆಯ ಅಂಗಳದಲ್ಲಿ ಕೂತನಂತೆ. ಮಾವನ ಅಜ್ಜ ಒಂದು ಎಳನೀರು ಕೆತ್ತಿ ಕೊಟ್ಟರಂತೆ. ದೊರೆ ಕುಡಿದು, ಎದ್ದು ಹೋಗಿ, ಸೇತುವೆ ಕಟ್ಟಿದನಂತೆ. "ಆ ಎಳನೀರು ಇಲ್ಲದಿದ್ರೆ ಮದ್ರಾಸಿನ ರೈಲು ಈಗಲೂ ಉಳ್ಳಾಲದಲ್ಲಿ ನಿಂತು ದೋಣಿ ಕಾಯ್ತಿತ್ತು" ಎಂದು ಮಾವ ಹೇಳುವಾಗ ಎದುರಿಗೆ ಕೂತವರು ರೈಲಿನ ಬಗ್ಗೆ ಮರುಕಪಟ್ಟು ತಲೆಯಾಡಿಸಬೇಕು. ನಾನು ಸಣ್ಣವಳಿದ್ದಾಗ ಅದು ಒಂದೇ ಎಳನೀರು. ಹೈಸ್ಕೂಲಿಗೆ ಬರುವಾಗ ಒಂದು ಗೊನೆ ಆಯಿತು. ನಾನು ಕಾಲೇಜಿಗೆ ಸೇರಿದ ಮೇಲಂತೂ ಕಂಬ ಎಲ್ಲಿ ಇಳಿಸುವುದು ಎಂದು ದೊರೆ ಅಜ್ಜನ ಹತ್ತಿರ ಕೇಳಿಯೇ ಮುಂದುವರಿಯುತ್ತಿದ್ದ.

ಈ ಇತಿಹಾಸಕ್ಕೆ ಒಬ್ಬರು ವಿರೋಧಿಗಳಿದ್ದರು, ಆಚೆ ಮನೆಯ ನಿವೃತ್ತ ಮಾಸ್ತರರು. ಕೊಂಕಣಿ ಮಾತಾಡುವ ಕ್ರೈಸ್ತರು. ನಮ್ಮವರು ಕ್ರೈಸ್ತರನ್ನು ಕರೆಯುವ ಕ್ರಮದಂತೆ ಮಾವ ಅವರನ್ನು "ಪೊರ್ಬುಲೇ" ಎನ್ನುತ್ತಿದ್ದರು. ಅವರು ಮಾವನನ್ನು, ಭೂಮಿ ಹೋಗಿ ವರ್ಷಗಳಾಗಿದ್ದರೂ, ಮರೆಯದೆ "ಧಣಿ" ಎನ್ನುತ್ತಿದ್ದರು. ಅದರಲ್ಲಿ ಗೌರವ ಎಷ್ಟು, ಚುಚ್ಚು ಎಷ್ಟು ಎಂದು ಮಾವ ಕೊನೆಯವರೆಗೂ ಲೆಕ್ಕ ಹಾಕುತ್ತಲೇ ಇದ್ದರು. ಪೊರ್ಬುಗಳ ಅಜ್ಜ ದೊರೆಯ ಮಾತನ್ನು ಕೂಲಿಗಳಿಗೆ ತಿಳಿಸಿ ಹೇಳುವ ದುಭಾಷಿಯಾಗಿದ್ದರಂತೆ.

"ಕಬ್ಬಿಣ ಇಂಗ್ಲೆಂಡಿನದ್ದು, ಒಪ್ಪಿದೆ. ಎತ್ತಿದ ಕೈ ನಮ್ಮೂರಿನದ್ದು, ಅದೂ ಒಪ್ಪಿದೆ. ಆದರೆ ಎತ್ತು ಅಂತ ಹೇಳಿದ್ದು ಯಾರು ಧಣಿ? ಎಳನೀರು ಹೇಳಿತಾ?"

"ದೊರೆ ಎಳನೀರು ಕುಡಿಯದೆ ಇದ್ದಿದ್ರೆ ನಿಮ್ಮ ಅಜ್ಜನಿಗೆ ತಿಳಿಸ್ಲಿಕ್ಕೆ ಮಾತೇ ಇರ್ತಿರಲಿಲ್ಲ ಪೊರ್ಬುಲೇ."

"ದೊರೆ ಕುಡಿದದ್ದು ಎಳನೀರಲ್ಲ. ನಮ್ಮ ಅಜ್ಜಿ ಮಾಡಿದ ವೈನು."

ಎಳನೀರೋ ವೈನೋ ಎಂಬ ಈ ಜಗಳ ತೀರಬಾರದೆಂದು ಇಬ್ಬರೂ ಬಹಳ ಜಾಗ್ರತೆ ಮಾಡುತ್ತಿದ್ದರು. ಮಾವ ನೆಂಟರನ್ನು ಕಾರಿಗೆ ಹತ್ತಿಸುವಾಗ ಪೊರ್ಬುಗಳು ಕೊಡೆ ಹಿಡಿದುಕೊಂಡು ಗೇಟಿನ ಹತ್ತಿರ ನಿಂತಿರುತ್ತಿದ್ದರು. ಕರೆದವರಿಲ್ಲ. ಅವರು ತಿದ್ದಲಿಕ್ಕೆ ಬರುವವರು, ಶಾಲೆಯಲ್ಲಿ ಮಾಡಿದ ಅಭ್ಯಾಸ. ಅವರು ಬಾರದೆ ಇದ್ದರೆ ಮಾವ ಕಾರಿನ ಹಾರ್ನು ಬಾರಿಸುತ್ತಿದ್ದರು.

ನನ್ನ ಅಕ್ಕನನ್ನು ನೋಡಲಿಕ್ಕೆ ಬೊಂಬಾಯಿಯ ಹುಡುಗ ಬಂದದ್ದು ಆ ಕಾಲದಲ್ಲಿ.

ಅಕ್ಕ ಬ್ಯಾಂಕಿನಲ್ಲಿ ಕೆಲಸಕ್ಕೆ ಸೇರಿ ಸ್ವಲ್ಪ ಕಾಲವಾಗಿತ್ತು. ನಮ್ಮ ಮನೆತನದಲ್ಲಿ ಬೆಳಿಗ್ಗೆ ಬಾಚಿ, ಸೀರೆ ಉಟ್ಟು, ಬಸ್ಸಿಗೆ ನಿಂತು ಕೆಲಸಕ್ಕೆ ಹೋದ ಮೊದಲ ಹೆಂಗಸು ಅವಳು. ಅವಳಿಗೆ ಆ ಕೆಲಸದ ಮೇಲೆ ಇದ್ದ ಪ್ರೀತಿ ನಮಗೆ ಪೂರ್ತಿ ಅರ್ಥವಾಗುತ್ತಿರಲಿಲ್ಲ. ಕೌಂಟರಿನ ಆಚೆಗೆ ಗಂಡಸರು ಸಾಲಾಗಿ ನಿಂತು, ಅವಳು ಕರೆಯುವವರೆಗೆ ಕಾಯುತ್ತಾರೆ ಎಂದು ಅವಳು ಹೇಳಿದಾಗ ಅಮ್ಮ ನಂಬಲೇ ಇಲ್ಲ. ನಮ್ಮ ಮನೆಯಲ್ಲಿ ಗಂಡಸರು ಚಹಾಕ್ಕೂ ಕಾದದ್ದಿಲ್ಲ.

ಹುಡುಗನ ಮನೆಯವರಿಗೆ ಬೊಂಬಾಯಿಯಲ್ಲಿ ಹೋಟೆಲು. ಹುಡುಗನ ತಂದೆ ಇಲ್ಲ. ತಾಯಿಯೇ ಗಲ್ಲಾದಲ್ಲಿ ಕೂತು ಹೋಟೆಲು ನಡೆಸಿದವರು. ಇದನ್ನು ಕೇಳಿ ಅಕ್ಕನಿಗೆ ಆಸೆ ಹುಟ್ಟಿತ್ತು. ಆ ದಿನ ಬೆಳಿಗ್ಗೆ ನಾನು ಅವಳ ಜಡೆ ಹೆಣೆಯುವಾಗ ಅವಳು ಹೇಳಿದ್ದು ಇಷ್ಟೇ: "ನನಗೆ ಅವನ ಹತ್ತಿರ ಒಂದೇ ಒಂದು ಮಾತು ಕೇಳ್ಲಿಕ್ಕುಂಟು. ಬ್ಯಾಂಕಿನ ಕೆಲಸ ಬಿಡ್ಬೇಕಾ ಅಂತ. ಬಿಡ್ಬೇಕು ಅಂದ್ರೆ ನನಗೆ ಈ ಮದುವೆ ಬೇಡ."

"ಕೇಳು ಮತ್ತೆ" ಎಂದೆ.

"ಯಾವಾಗ ಕೇಳುವುದು? ನೋಡ್ಲಿಕ್ಕೆ ಬಂದವರ ಹತ್ತಿರ ಹುಡುಗಿ ಮಾತಾಡುವ ಕ್ರಮ ಉಂಟಾ?"

ಇರಲಿಲ್ಲ. ಹುಡುಗಿ ತಟ್ಟೆ ಹಿಡಿದು ಬರಬೇಕು, ನೆಲ ನೋಡಬೇಕು. ಹುಡುಗ ಹುಡುಗಿಯನ್ನು ನೋಡಬಹುದು. ಮಾತೆಲ್ಲ ಹಿರಿಯರದ್ದು. ಅಕ್ಕ ನೆಲವನ್ನು ಎಷ್ಟು ಸರಿಯಾಗಿ ನೋಡಿದಳೆಂದರೆ ಅವತ್ತು ನಮ್ಮ ಚಾವಡಿಯ ಸಿಮೆಂಟಿನಲ್ಲಿದ್ದ ಬಿರುಕುಗಳೆಲ್ಲ ಅವಳಿಗೆ ಬಾಯಿಪಾಠವಾಗಿರಬೇಕು.

ಹುಡುಗನ ತಾಯಿ ಗೋಳಿಬಜೆಯನ್ನು ಮುರಿದು, ಒಳಗೆ ಬೆಂದಿದೆಯೇ ಎಂದು ನೋಡಿ, ಆಮೇಲೆ ಅಕ್ಕನನ್ನು ನೋಡಿದರು. "ನೋಟು ಎಣಿಸ್ಲಿಕ್ಕೆ ಬರ್ತದಾ?"

"ಬ್ಯಾಂಕಿನವಳಿಗೆ ಬಾರದೆ ಇರ್ತದಾ!" ಎಂದರು ಮಾವ.

"ಅದಕ್ಕೇ ನಾವು ಬಂದದ್ದು. ಗಲ್ಲಾದಲ್ಲಿ ಕೂತು ಕೂತು ನನ್ನ ಸೊಂಟ ಹೋಯ್ತು. ಹೊರಗಿನವರನ್ನು ಕೂರಿಸ್ಲಿಕ್ಕೆ ಧೈರ್ಯ ಇಲ್ಲ. ಮನೆಯವಳೇ ಆದ್ರೆ ಒಳ್ಳೆಯದು. ಬ್ಯಾಂಕಿಗೆ ರಾಜೀನಾಮೆ ಕೊಡ್ಲಿಕ್ಕೆ ತುಂಬ ದಿನ ಹಿಡಿಯುವುದಿಲ್ಲವಲ್ಲ?"

"ಎಂತ ದಿನ? ಒಂದು ಕಾಗದ ಬರೆದ್ರೆ ಆಯ್ತು" ಎಂದು ಮಾವ ಅಕ್ಕನ ಕೆಲಸವನ್ನು ಒಂದೇ ಮಾತಿನಲ್ಲಿ ಮುಗಿಸಿದರು.

ಅಕ್ಕ ತಲೆ ಎತ್ತಿದಳು. "ಮಾವ, ನನಗೆ ಒಂದು..."

"ಬಾಳೆಹಣ್ಣು ತಾ ಮಗಾ" ಎಂದರು ಮಾವ. ತಟ್ಟೆಯ ತುಂಬ ಬಾಳೆಹಣ್ಣೇ ಇತ್ತು.

ಹುಡುಗ ಒಂದು ಮಾತೂ ಆಡಿರಲಿಲ್ಲ. ತೆಳ್ಳಗಿದ್ದ. ಎತ್ತರದ ಹಿಮ್ಮಡಿಯ ಬೊಂಬಾಯಿ ಬೂಟು ಹಾಕಿಕೊಂಡಿದ್ದ. ತಾಯಿ ಮಾತಾಡುವಾಗ ಅವನೂ ನೆಲವನ್ನೇ ನೋಡುತ್ತಿದ್ದ. ಒಟ್ಟಿನಲ್ಲಿ ಅವತ್ತು ನಮ್ಮ ನೆಲಕ್ಕೆ ಒಳ್ಳೆಯ ಗೌರವ ಸಿಕ್ಕಿತು.

ಊಟ ಆದ ಮೇಲೆ ಮಾವ ಕೈ ಒರೆಸಿಕೊಂಡು ಎದ್ದು ನಿಂತರು. ಬೊಂಬಾಯಿಯಿಂದ ಅಷ್ಟು ದೂರ ಬಸ್ಸಿನಲ್ಲಿ ಕುಲುಕಿಕೊಂಡು ಬಂದವರು ಕಬ್ಬಿಣದ ಸೇತುವೆ ನೋಡದೆ ಹೋಗುವುದೇ? ಕಾರಿನ ಮುಂದಿನ ಸೀಟಿನಲ್ಲಿ ಮಾವ, ಹುಡುಗ, ಕೊಡೆಯ ಸಮೇತ ಪೊರ್ಬುಗಳು. ಹಿಂದೆ ಹುಡುಗನ ತಾಯಿ, ಅಕ್ಕ, ನಾನು. ಹುಡುಗ ಹುಡುಗಿ ಒಂದೇ ಕಡೆಗೆ ಹೋಗುವಾಗ ನಡುವೆ ಒಬ್ಬರು ಇರಬೇಕೆಂದು ಅಮ್ಮ ನನ್ನನ್ನು ಕಳಿಸಿದ್ದಳು. ಪರೀಕ್ಷೆಗೆ ಓದಲಿಕ್ಕಿದ್ದ ನನಗೆ ಸಿಕ್ಕಿದ ಕೆಲಸ ಇದು: ಗೋಡೆಯಾಗಿ ನಡೆಯುವುದು.

ಸೇತುವೆಯ ಬುಡದಲ್ಲಿ ಒಂದು ಬೋರ್ಡು ಇತ್ತು, ನಡೆದುಕೊಂಡು ಹೋಗುವವರಿಗೆ ಪ್ರವೇಶ ಇಲ್ಲ ಎಂದು. ಅದು ಎರಡು ಮೂರು ಭಾಷೆಗಳಲ್ಲಿತ್ತು. ಮಾವನಿಗೆ ಎಲ್ಲವೂ ಓದಲಿಕ್ಕೆ ಬರುತ್ತಿದ್ದ ಕಾರಣ ಅದು ತನಗೆ ಬರೆದದ್ದಲ್ಲ, ಓದು ಬಾರದವರಿಗೆ ಬರೆದದ್ದು ಎಂದು ಅವರು ತಿಳಿದಿದ್ದರು. ಹುಡುಗನ ತಾಯಿ ಹಳಿಯನ್ನೂ ಬಿಸಿಲನ್ನೂ ನೋಡಿ, "ನನ್ನ ಸೊಂಟಕ್ಕೆ ಇದೆಲ್ಲ ಆಗುವುದಿಲ್ಲ" ಎಂದು ಕಾರಿನ ಬಾಗಿಲು ತೆರೆದಿಟ್ಟು ನೆರಳಿನಲ್ಲಿ ಕೂತುಬಿಟ್ಟರು.

ಹುಡುಗ ಅವತ್ತು ಮೊದಲ ಸಲ ಬಾಯಿ ತೆರೆದ. "ಈಗ ರೈಲು ಬರುವುದಿಲ್ವಾ?"

ಮಾವ ಗಡಿಯಾರ ನೋಡಿದರು. "ಬರುವ ಹೊತ್ತು ಇದುವೇ."

"ಹಾಗಾದ್ರೆ ಆಮೇಲೆ ಹೋಗುವ."

ಮಾವ, ಪೊರ್ಬುಗಳು ಒಬ್ಬರ ಮುಖ ಒಬ್ಬರು ನೋಡಿ ನಕ್ಕರು. ಅವರಿಬ್ಬರು ಒಟ್ಟಿಗೆ ನಕ್ಕದ್ದನ್ನು ನಾನು ಕಂಡದ್ದು ಅಪರೂಪ.

"ಇದು ಬೊಂಬಾಯಿ ಅಲ್ಲ ಮಾರಾಯ" ಎಂದರು ಮಾವ. "ಬರುವ ಹೊತ್ತು ಅಂದ್ರೆ ಬಾರದ ಹೊತ್ತು. ನಮ್ಮ ರೈಲು ಹೇಳಿದ ಹೊತ್ತಿಗೆ ಬಂದದ್ದು ನನ್ನ ಆಯುಷ್ಯದಲ್ಲಿ ಇಲ್ಲ. ಬೇರೆ ಹೊತ್ತಿನಲ್ಲಿ ಸೇತುವೆ ಹತ್ತಿದ್ರೆ ಅಪಾಯ, ತಡವಾದ ರೈಲು ಯಾವಾಗಲೂ ಬರ್ಬಹುದು. ಸರಿಯಾದ ಹೊತ್ತಿಗೆ ಹತ್ತಿದ್ರೆ ಏನೂ ಭಯ ಇಲ್ಲ."

"ಅದು ಧಣಿ ಹೇಳುವುದು ಸರಿ" ಎಂದರು ಪೊರ್ಬುಗಳು. ಮಾವನ ಒಂದು ಮಾತನ್ನು ಅವರು ತಿದ್ದದೆ ಬಿಟ್ಟದ್ದು ಅದೊಂದು ಸಲ. ನಾವು ಎಚ್ಚರಾಗಬೇಕಿತ್ತು.

ಮಾವನೂ ಪೊರ್ಬುಗಳೂ ಮುಂದೆ. ಅವರ ಹಿಂದೆ ಹುಡುಗ, ಗೋಡೆಯಾಗಿ ನಾನು, ಅಕ್ಕ. ಸ್ಲೀಪರುಗಳ ನಡುವಿನ ಸಂದಿನಲ್ಲಿ ಕೆಳಗೆ ನದಿ ಕಾಣುತ್ತಿತ್ತು. ನದಿಯ ತಳದಿಂದ ಹೊಯಿಗೆ ತೆಗೆಯುವ ದೋಣಿಯವರು ತಲೆ ಎತ್ತಿ ನೋಡಿ, ಪುನಃ ಇವರು ಯಾರನ್ನೋ ಕರೆದುಕೊಂಡು ಬಂದರು ಎಂದು ತಮ್ಮೊಳಗೆ ಏನೋ ಹೇಳಿಕೊಂಡರು. ಹುಡುಗನಿಗೆ ಎತ್ತರ ಆಗದು ಎನ್ನುವುದು ಕೂಡಲೇ ಗೊತ್ತಾಯಿತು. ಅವನು ಪ್ರತಿ ಹೆಜ್ಜೆಗೂ ಮೊದಲು ನಿಂತು, ಸ್ಲೀಪರಿನ ಹತ್ತಿರ ಅಪ್ಪಣೆ ಕೇಳುವವನ ಹಾಗೆ ಮುಂದೆ ಹೋಗುತ್ತಿದ್ದ. ಆ ಬೂಟಿನ ಹಿಮ್ಮಡಿ ಬೇರೆ. ಅಕ್ಕ ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು, ದಿನಾ ಬಸ್ ಸ್ಟ್ಯಾಂಡಿಗೆ ಹೋಗುವ ಹಾಗೆ ನಡೆದು ಬರುತ್ತಿದ್ದಳು.

ನಡುನದಿಗೆ ಮುಟ್ಟಿದೆವು. ಮಾವ ಹುಡುಗನ ಕೈ ಹಿಡಿದು ತೊಲೆಯ ಮೇಲೆ ಒತ್ತಿದರು. ಅಂಗೈಯಷ್ಟು ಅಗಲದ ಮೊಳೆಯ ತಲೆಗಳು ಸಾಲಾಗಿದ್ದವು. ಬಿಸಿಲಿಗೆ ಎಲ್ಲವೂ ಕಾದು ಕೂತಿದ್ದವು.

"ತಣ್ಣಗುಂಟಲ್ಲ?"

ಹುಡುಗನ ಕಣ್ಣಿನಲ್ಲಿ ನೀರು ಬಂತು. "ತಣ್ಣಗುಂಟು" ಎಂದ.

ಅಕ್ಕ ನನ್ನ ಕಿವಿಯಲ್ಲಿ, "ಇವನು ಕೇಳಿದ್ದಕ್ಕೆಲ್ಲ ಹೌದು ಅಂತಾನೆ. ಇವನ ಹತ್ತಿರ ಕೇಳಿ ಎಂತ ಪ್ರಯೋಜನ?" ಎಂದಳು.

ಮಾವನೂ ಪೊರ್ಬುಗಳೂ ಎಳನೀರು, ವೈನು ಎಂದು ಜೋರು ಮಾಡುತ್ತಾ ಇನ್ನಷ್ಟು ಮುಂದೆ ಹೋದರು. ಆಗ ಹಳಿ ಸಣ್ಣಗೆ ಹಾಡಲಿಕ್ಕೆ ಶುರುವಾಯಿತು. ನಾನು ಕೂಗಿ ಹೇಳಿದೆ. ಮಾವ ಹಳಿಯ ಮೇಲೆ ಕಾಲಿಟ್ಟು ನೋಡಿ, ವೈದ್ಯರ ಹಾಗೆ, "ಅದು ಗಾಳಿ" ಎಂದರು.

"ಗಾಳಿ ಅಲ್ಲ ಧಣಿ" ಎಂದರು ಪೊರ್ಬುಗಳು, ಉಳ್ಳಾಲದ ಕಡೆಗೆ ಕೊಡೆ ಎತ್ತಿ. "ಅಲ್ಲಿ ಹೊಗೆ ಉಂಟು."

ಆ ದಿನ ನಮ್ಮ ರೈಲು ಯಾವ ರೈಲೂ ಮಾಡಬಾರದ ಅನಾಚಾರ ಮಾಡಿತ್ತು. ಹೇಳಿದ ಹೊತ್ತಿಗೆ ಬಂದಿತ್ತು.

"ತೊಟ್ಟಿಲಿಗೆ! ತೊಟ್ಟಿಲಿಗೆ ಹತ್ತಿ!" ಎಂದು ಮಾವ ಬೊಬ್ಬೆ ಹಾಕಿದರು. ರೈಲು ಬಂದರೆ ಹಳಿಯ ಕೆಲಸದವರು ಸರಿದು ನಿಲ್ಲಲಿಕ್ಕೆ ಅಲ್ಲಲ್ಲಿ ಸೇತುವೆಯ ಬದಿಗೆ, ನದಿಯ ಮೇಲಕ್ಕೆ ಚಾಚಿ ಇಟ್ಟ ಕಬ್ಬಿಣದ ಸಣ್ಣ ಕಟಾಂಜನದ ಜಾಗಗಳಿದ್ದವು. ಮಾವ ಅವಕ್ಕೆ ಇಟ್ಟ ಹೆಸರು ತೊಟ್ಟಿಲು. ಅವರು ಮತ್ತು ಪೊರ್ಬುಗಳು ಓಡಿ ಮುಂದಿನ ಒಂದಕ್ಕೆ ಹೊಕ್ಕರು. ಅದು ಒಬ್ಬ ತೆಳ್ಳಗಿನ ಕೆಲಸದವನಿಗೆ ಸಾಕು ಎಂದು ಮಾಡಿದ್ದು. ಮಾವನ ಹೊಟ್ಟೆಗೇ ಅದು ಸಾಲದು. ಪೊರ್ಬುಗಳು ಕೊಡೆಯ ಸಮೇತ ಮಾವನನ್ನು ತಬ್ಬಿಕೊಂಡು ನಿಂತರು. ಎಳನೀರೂ ವೈನೂ ಅಷ್ಟು ಹತ್ತಿರ ಬಂದದ್ದು ಅದೇ ಮೊದಲು.

ಹುಡುಗ ನಿಂತಲ್ಲೇ ನಿಂತಿದ್ದ. ಅಕ್ಕ ನನ್ನನ್ನು ಬದಿಗೆ ಸರಿಸಿ, ಅವನ ಮಣಿಕಟ್ಟು ಹಿಡಿದು ಎಳೆದಳು. ಗೋಡೆ ಬಿತ್ತು. ಮೂವರೂ ನಮ್ಮ ಬದಿಯ ತೊಟ್ಟಿಲಿಗೆ ಬಂದೆವು. ಕಾಲಿನ ಅಡಿಯಲ್ಲಿ ಕಬ್ಬಿಣದ ಜಾಲರಿ, ಅದರ ಅಡಿಯಲ್ಲಿ ನೇತ್ರಾವತಿ. ಸೇತುವೆಯ ಮೇಲೆ ರೈಲು ನಿಧಾನ. ಆಚೆ ತುದಿಯಿಂದ ಅದು ಮದುಮಗಳ ಹಾಗೆ ಬರುತ್ತಿತ್ತು. ಹುಡುಗ ಕಣ್ಣು ಮುಚ್ಚಿ ಕಟಾಂಜನ ಹಿಡಿದುಕೊಂಡಿದ್ದ.

"ಕೆಳಗೆ ನೋಡ್ಬೇಡಿ" ಎಂದಳು ಅಕ್ಕ. "ನನ್ನನ್ನು ನೋಡಿ. ಅದಕ್ಕೇ ಅಲ್ವಾ ಬೊಂಬಾಯಿಯಿಂದ ಬಂದದ್ದು?"

ಅವನು ಕಣ್ಣು ತೆರೆದ.

"ನಿಮ್ಮ ಹತ್ತಿರ ಒಂದು ಕೇಳ್ಲಿಕ್ಕುಂಟು."

"ಈಗಲಾ?"

"ಮತ್ತೆ ಯಾವಾಗ ಬಿಡ್ತಾರೆ? ನಾನು ಬ್ಯಾಂಕಿನ ಕೆಲಸ ಬಿಡುವುದಿಲ್ಲ. ಬೊಂಬಾಯಿಯಲ್ಲೂ ನಮ್ಮ ಬ್ಯಾಂಕು ಉಂಟು, ಟ್ರಾನ್ಸ್‌ಫರ್ ಕೇಳ್ತೇನೆ. ನಿಮ್ಮ ಗಲ್ಲಾದಲ್ಲಿ ಕೂರುವುದಿಲ್ಲ. ನಿಮಗೆ ಆಗ್ತದಾ?"

"ರೈಲು ಹೋಗ್ಲಿ. ಮತ್ತೆ ಹೇಳ್ತೇನೆ."

"ರೈಲು ಹೋದ್ರೆ ಮಾವ ಬರ್ತಾರೆ. ಈಗಲೇ ಹೇಳಿ."

"ಅಮ್ಮ ಒಪ್ಪುವುದಿಲ್ಲ" ಎಂದ. "ನನಗೆ ಈ ಸೇತುವೆಯ ಹೆದರಿಕೆ ಇಷ್ಟು. ಅಮ್ಮನ ಹೆದರಿಕೆ ಅದಕ್ಕಿಂತ ಜಾಸ್ತಿ."

"ನಾನು ಕೇಳಿದ್ದು ನಿಮಗೆ ಆಗ್ತದಾ ಅಂತ."

"ನನಗೆ ಆಗ್ತದೆ. ರೈಲು ಹೋದ ಮೇಲೆ ಅಮ್ಮನ ಹತ್ತಿರ ಹೇಳ್ತೇನೆ."

ಅಷ್ಟರಲ್ಲಿ ರೈಲು ಬಂತು. ತೊಟ್ಟಿಲು ತೂಗಿತು, ಹಲ್ಲು ಕಟಕಟ ಎಂದಿತು, ಜಗತ್ತಿನ ತಗಡೆಲ್ಲ ಒಟ್ಟಿಗೆ ಬಡಿದ ಹಾಗಾಯಿತು. ನೇತ್ರಾವತಿ ದಾಟುವಾಗ ಕಿಟಿಕಿಯಿಂದ ನದಿಗೆ ನಾಣ್ಯ ಹಾಕುವುದು ನಮ್ಮ ಕಡೆಯ ಕ್ರಮ. ಭಕ್ತರು ಕಣ್ಣು ಮುಚ್ಚಿ ಹಾಕಿದ ನಾಣ್ಯಗಳು ಕಬ್ಬಿಣಕ್ಕೆ ತಾಗಿ ಟಣ್ ಟಣ್ ಎಂದು ಎಲ್ಲೆಲ್ಲಿಗೋ ಹಾರಿದವು. ಮುಂದಿನ ತೊಟ್ಟಿಲಿನಲ್ಲಿ ಮಾವ ಮನೆಯ ದೈವವನ್ನು ಕೂಗುತ್ತಿದ್ದರು, ಪೊರ್ಬುಗಳು ತಮ್ಮ ದೇವರನ್ನು ಕರೆದು "ಜೆಜು ಮರಿ ಜುಜೆ" ಎನ್ನುತ್ತಿದ್ದರು. ಒಂದು ನಾಣ್ಯ ನೇರವಾಗಿ ಬಂದು ಮಾವನ ಬೋಳುತಲೆಯ ಮೇಲೆ ಬಿತ್ತು. ನದಿಗೆ ಹಾಕಿದ್ದನ್ನು ಮನುಷ್ಯರು ಇಟ್ಟುಕೊಳ್ಳಬಾರದು. ರೈಲಿನ ಕೊನೆಯ ಡಬ್ಬಿ ದಾಟಿದ ಕೂಡಲೇ ಮಾವ ಪೊರ್ಬುಗಳ ಅಪ್ಪುಗೆ ಬಿಡಿಸಿಕೊಂಡು, ಬಗ್ಗಿ, ಆ ನಾಣ್ಯವನ್ನು ಹುಡುಕಿ ನದಿಗೆ ಹಾಕಿ ಕೈ ಮುಗಿದರು. ಎಂಥ ಹೊತ್ತಿನಲ್ಲೂ ಕ್ರಮ ತಪ್ಪುವವರಲ್ಲ.

ದಡದಲ್ಲಿ ಹುಡುಗನ ತಾಯಿ ಹಳಿಯ ಮೇಲೆಯೇ ಬಂದು ನಿಂತಿದ್ದರು. ಸೊಂಟನೋವು ಎಲ್ಲಿಗೆ ಹೋಗಿತ್ತೋ ಗೊತ್ತಿಲ್ಲ. ಮಗನ ಮುಖ, ಕೈ, ಬೂಟು ಎಲ್ಲ ಮುಟ್ಟಿ ನೋಡಿದರು. ಆಮೇಲೆ ಮಾವನ ಕಡೆಗೆ ತಿರುಗಿದರು.

"ಮದುವೆಗೆ ಮುಂಚೆಯೇ ನನ್ನ ಮಗನನ್ನು ರೈಲಿನ ಅಡಿಗೆ ಕೊಂಡುಹೋದವರು ನೀವು! ಮದುವೆ ಆದ ಮೇಲೆ ಸಮುದ್ರಕ್ಕಾ?"

"ಅದು ಯಾವತ್ತೂ ಹೊತ್ತಿಗೆ ಬರುವುದಿಲ್ಲ..." ಎಂದರು ಮಾವ. ಅವರ ಬಾಯಿಯಿಂದ ಅಷ್ಟು ಸಣ್ಣ ಸ್ವರ ನಾನು ಕೇಳಿದ್ದೇ ಇಲ್ಲ.

"ಅಮ್ಮಾ" ಎಂದ ಹುಡುಗ.

ಅಕ್ಕ ಅವನನ್ನೇ ನೋಡಿದಳು. ಈಗ ನೆಲ ನೋಡಲಿಲ್ಲ.

"ಎಂತ ಮಗಾ? ಎಂತಾಯ್ತು? ಹೇಳು!"

ಹುಡುಗ ಬಾಯಿ ತೆರೆದ. ತಾಯಿಯ ಮುಖ ನೋಡಿದ. "ಬಾಯಾರಿಕೆ" ಎಂದ.

ದಾರಿಯಲ್ಲಿ ಒಂದು ಅಂಗಡಿಯ ಹತ್ತಿರ ಕಾರು ನಿಲ್ಲಿಸಿ ಅವನಿಗೆ ಸೋಡಾ ಕುಡಿಸಿದರು. ಎಳನೀರು ಕೊಡಿಸುವ ಎಂದು ಹೇಳುವ ಧೈರ್ಯ ಮಾವನಿಗೆ ಆ ದಿನ ಇರಲಿಲ್ಲ. ಹುಡುಗನ ತಾಯಿ ನಮ್ಮ ಮನೆಯೊಳಗೆ ಕಾಲಿಡಲಿಲ್ಲ. ಗೇಟಿನ ಹೊರಗೆ ನಿಂತೇ ಪೆಟ್ಟಿಗೆ ತರಿಸಿಕೊಂಡು, ಪೇಟೆಯಲ್ಲಿದ್ದ ತಮ್ಮ ಸಂಬಂಧಿಕರ ಮನೆಗೆ ಹೊರಟುಹೋದರು. ಮಾವ ಚಾವಡಿಯಲ್ಲಿ ಕೂತರು. "ನನ್ನಿಂದ ಹೋಯ್ತು" ಎಂದು ಒಮ್ಮೆ ಹೇಳಿದರು, ಗದ್ದೆ ಹೋದಾಗಲೂ ಹೇಳದಿದ್ದ ಮಾತು. ಪೊರ್ಬುಗಳು ಗೇಟಿನ ತನಕ ಬಂದು, ತಿದ್ದಲಿಕ್ಕೆ ಏನೂ ಸಿಕ್ಕದೆ, ಹಿಂದೆ ಹೋದರು.

ಅಕ್ಕ ಅಳಲಿಲ್ಲ. ಜಡೆ ಬಿಚ್ಚಿಸಿಕೊಳ್ಳುವಾಗ ಹೇಳಿದಳು: "ಸಂಬಂಧ ಹೋದದ್ದಕ್ಕೆ ನನಗೆ ಬೇಸರ ಇಲ್ಲ. ಆಗ್ತದೆ ಅಂತ ಹೇಳಿ ಸೋಡಾ ಕುಡಿದನಲ್ಲ, ಅದಕ್ಕೆ."

ಮರುದಿನದ್ದು ನಾನು ಕಂಡದ್ದಲ್ಲ, ಅಕ್ಕ ಹೇಳಿದ್ದು. ಅವಳು ಮಾವನ ಹಾಗೆ ಒಂದು ಎಳನೀರನ್ನು ಗೊನೆ ಮಾಡುವವಳಲ್ಲ, ಆದ್ದರಿಂದ ನಂಬಬಹುದು. ಸೋಮವಾರ, ಬ್ಯಾಂಕಿನಲ್ಲಿ ಜನ. ಅವಳ ಕೌಂಟರಿನ ಎದುರಿನ ಸಾಲಿನಲ್ಲಿ, ಮೀನಿನ ವ್ಯಾಪಾರಿಯೊಬ್ಬರ ಮುಂದೆ, ಎತ್ತರದ ಹಿಮ್ಮಡಿಯ ಬೂಟು. ಅವನ ಕೈಯಲ್ಲಿ ಚೆಕ್ಕೂ ಇಲ್ಲ, ಪಾಸ್‌ಬುಕ್ಕೂ ಇಲ್ಲ. ಸಾಲು ಬಿಟ್ಟು ಮುಂದೆ ಬರಲಿಲ್ಲ. ಅವಳು ಕರೆಯುವವರೆಗೆ ಕಾದ.

"ಎಂತ ಬೇಕಿತ್ತು?" ಎಂದು ಅಕ್ಕ ಬ್ಯಾಂಕಿನ ಸ್ವರದಲ್ಲಿ ಕೇಳಿದಳು.

"ರೈಲು ಹೋದ ಮೇಲೆ ಹೇಳ್ತೇನೆ ಅಂದಿದ್ದೆ. ಹೇಳಿದೆ."

"ಅಮ್ಮನಿಗೆ?"

"ಹೌದು. ಬೆಳಿಗ್ಗೆಯಿಂದ ನನ್ನೊಟ್ಟಿಗೆ ಮಾತು ಬಿಟ್ಟಿದ್ದಾರೆ."

"ಎಂತ ಹೇಳಿದ್ರಿ?"

"ಗಲ್ಲಾದಲ್ಲಿ ನಾನೇ ಕೂರ್ತೇನೆ ಅಂತ."

ಅಕ್ಕ ಎದುರಿಗಿದ್ದ ನೋಟಿನ ಕಟ್ಟನ್ನು ಬದಿಗಿಟ್ಟಳು. "ನೋಟು ಎಣಿಸ್ಲಿಕ್ಕೆ ಬರ್ತದಾ?"

"ಇಲ್ಲ" ಎಂದ. "ತಪ್ಪುತ್ತದೆ."

ಹಿಂದಿನಿಂದ ಮೀನಿನ ವ್ಯಾಪಾರಿ, "ಬೇಗ ಮಾರಾಯ್ರೆ, ನನ್ನ ಮೀನು ಹಾಳಾಗ್ತದೆ. ನಿಮ್ಮದು ಮನೆಯಲ್ಲಿ ಮಾತಾಡಿ" ಎಂದರು. ಆ ಮದುವೆಗೆ ಬಾಯಿಬಿಟ್ಟು ಒಪ್ಪಿಗೆ ಕೊಟ್ಟ ಮೊದಲ ಹಿರಿಯರು ಅವರೇ.

ಹುಡುಗನ ತಾಯಿ ಒಪ್ಪಲಿಕ್ಕೆ ಒಂದು ಮಳೆಗಾಲ ಹಿಡಿಯಿತು. ಮಗ ಗಲ್ಲಾದಲ್ಲಿ ಕೂತು ಎಣಿಕೆ ತಪ್ಪಿಸುವುದನ್ನು ನೋಡಿ ನೋಡಿ, ಸಂಜೆ ಬ್ಯಾಂಕಿನಿಂದ ಬಂದ ಮೇಲಾದರೂ ಒಬ್ಬಳು ಲೆಕ್ಕ ನೋಡುವವಳು ಮನೆಯಲ್ಲಿರಲಿ ಎಂದು ಅವರಿಗೆ ಅನ್ನಿಸಿತಂತೆ. ಮದುವೆಯಾಯಿತು. ಅಪ್ಪನಿಗೂ ತಿಳಿಸಿದೆವು. ಟ್ರಾನ್ಸ್‌ಫರ್ ಬರಲಿಕ್ಕೆ ಮಾತ್ರ ಬಹಳ ತಡವಾಯಿತು. ನಮ್ಮ ಸುತ್ತಮುತ್ತ ಹೇಳಿದ ಹೊತ್ತಿಗೆ ಬಂದದ್ದು ಆ ಒಂದು ರೈಲು ಮಾತ್ರ.

ಮದುವೆಯ ಚಪ್ಪರದಲ್ಲಿಯೇ ಮಾವನ ಸ್ವರ ಹಿಂದೆ ಬಂದಿತ್ತು. "ಹುಡುಗನ ಗುಂಡಿಗೆ ಹೇಗುಂಟು ಅಂತ ನೋಡ್ಲಿಕ್ಕೆ ನಾನೇ ಆ ಹೊತ್ತು ನೋಡಿ ಕೊಂಡುಹೋದದ್ದು" ಎಂದು ಅವರು ಹೇಳುತ್ತಿದ್ದರು. ಬರುವ ರೈಲನ್ನು ಕಂಡದ್ದು ಯಾರು ಎಂದು ಪೊರ್ಬುಗಳು ಪಕ್ಕದಲ್ಲೇ ನಿಂತು ತಿದ್ದುತ್ತಿದ್ದರು.

ಮುಂದಿನ ಬೇಸಗೆಗೆ ಅಕ್ಕ, ಭಾವ ಊರಿಗೆ ಬಂದರು. ಊಟ ಆಯಿತು, ಮಾವ ಕೈ ಒರೆಸಿಕೊಂಡು ಎದ್ದರು. ಭಾವ ಬೂಟು ಬಿಚ್ಚಿಟ್ಟು, ನನ್ನ ಅಪ್ಪನ ಚಪ್ಪಲಿ ಹಾಕಿಕೊಂಡು ಬಂದರು. ಈ ಸಲ ಮಾವ ಹೊಸ ಶಾಸ್ತ್ರ ಮಾಡಿದ್ದರು, ಮೊದಲ ಕಂಬದಿಂದ ಮುಂದೆ ಹೋಗುವುದಿಲ್ಲ. ಅಲ್ಲಿ ನಿಂತು, ಅಭ್ಯಾಸದಂತೆ, ಭಾವನ ಕೈ ಹಿಡಿದು ತೊಲೆಯ ಮೇಲೆ ಇಟ್ಟರು.

"ಇಂಗ್ಲೆಂಡಿನ ಕಬ್ಬಿಣ. ತಣ್ಣಗುಂಟಲ್ಲ?"

ಭಾವ ಅಕ್ಕನ ಕಡೆ ನೋಡಿದರು. ಅವಳು ನದಿ ನೋಡುತ್ತಿದ್ದಳು.

"ಸುಡ್ತದೆ ಮಾವ" ಎಂದರು ಭಾವ, ಕೈ ಹಿಂದಕ್ಕೆ ತೆಗೆದುಕೊಂಡು.

ಪೊರ್ಬುಗಳ ಕೊಡೆ ಅಲ್ಲಾಡಿತು. ಅಷ್ಟು ವರ್ಷಗಳಲ್ಲಿ ಹಾಗೆ ಹೇಳಿದವರು ಯಾರೂ ಇರಲಿಲ್ಲ. ಮಾವ ನಿಧಾನಕ್ಕೆ ತನ್ನ ಕೈಯನ್ನು ತೊಲೆಯ ಮೇಲೆ ಇಟ್ಟರು. ಬೇರೆಯವರ ಕೈ ಇಡಿಸಿ ಇಡಿಸಿ, ತಾನು ಇಡುವುದನ್ನು ಅವರು ಮರೆತೇಬಿಟ್ಟಿದ್ದರೆಂದು ಕಾಣುತ್ತದೆ. ಥಟ್ಟನೆ ಕೈ ತೆಗೆದು ಪಂಚೆಗೆ ಒರೆಸಿಕೊಂಡರು.

"ದೊರೆಯ ಕಾಲದಲ್ಲಿ ತಣ್ಣಗೇ ಇತ್ತು" ಎಂದರು. "ಈಗಿನವರು ಸರಿಯಾಗಿ ನೋಡಿಕೊಳ್ಳುವುದಿಲ್ಲ."